ಕಣ್ಣು ಮುಚ್ಚಿಸಿ ಬರೆದ ಅಂಕಿಗಳು

ಪರ್ರ್ ಎಂದು ಪೆಟ್ಟಿಗೆಗೆ ಅಂಟಿಸುವ ಟೇಪು ಹರಿಯುತ್ತದೆ, ಹರಿದ ಮೇಲೂ ಆ ಸದ್ದು ಬೋಳು ಗೋಡೆಗೆ ಬಡಿದು ಒಂದು ಸಲ ವಾಪಸು ಬರುತ್ತದೆ, ಸಾಮಾನು ಖಾಲಿಯಾದಂತೆಲ್ಲ ಮನೆಗೇ ಕಿವಿ ಮೂಡುತ್ತದೇನೋ, ಕಪಾಟು ಪರದೆ ಹಾಸಿಗೆ ಇದ್ದಷ್ಟು ದಿನ ಎಲ್ಲವನ್ನೂ ಅವೇ ನುಂಗಿಕೊಂಡಿದ್ದವು — ಈಗ ನಲ್ಲಿ ತೊಟ್ಟಿಕ್ಕುವುದು ಕೇಳುತ್ತದೆ, ಎದುರು ಮನೆಯ ಚಿಲಕ ಕೇಳುತ್ತದೆ, ಕೂತಲ್ಲಿಂದ ಏಳುವಾಗ ತನ್ನದೇ ಮೊಣಕಾಲಿನ ಲಟಕ್ಕು ಕೇಳುತ್ತದೆ, ಅರವತ್ತೊಂದು ತುಂಬಿದ ಮೇಲೂ ಹದಿನಾರರ ಕಿವಿ, ಯಾವ ಪುಣ್ಯಕ್ಕೆ ಇದು. ನೆಲದ ಮೇಲೆ ಮೂರು ಗುಡ್ಡೆ. ಒಯ್ಯುವುದು, ಯಾರಿಗಾದರೂ ಕೊಡುವುದು, ತೂಕಕ್ಕೆ ಹಾಕುವುದು. ನಾಳೆ ಬೆಳಿಗ್ಗೆ ಲಾರಿ, ನಾಡಿದ್ದು ರೈಲು, ರೈಲಿನಲ್ಲಿ ಎರಡು ದಿನ, ಅದಾದ ಮೇಲೆ ಮಗಳ ಮನೆಯ ಹಿಂದಿನ ಕೋಣೆ, ಹತ್ತಡಿಗೆ ಎಂಟಡಿ, ಅಮ್ಮಾ, ತುಂಬಾ ಸುಲಭ, ಒಂದು ವರ್ಷದಿಂದ ನಿನ್ನ ಕೈ ತಾಗದೆ ಇರೋದು ಅಂದ್ರೆ ನಿಂಗೆ ಬೇಡದೆ ಇರೋದು, ಮುಲಾಜು ನೋಡ್ಬೇಡ, ಎಸಿ, ಎಂದಿದ್ದಳು ಮಗಳು ಫೋನಿನಲ್ಲಿ, ಆ ನಿಯಮಕ್ಕೆ ತೀರಿಹೋದ ಗಂಡನ ಛತ್ರಿ ಹೋಯಿತು, ಹೊಲಿಗೆ ಯಂತ್ರ ಹೋಯಿತು, ಹಿಡಿ ಮುರಿದ ಮೂರು ಬಾಣಲೆ ಹೋದವು, ಈ ನೀಲಿ ರಟ್ಟಿನ ನೋಟುಬುಕ್ಕು ಮಾತ್ರ ನಿಯಮಕ್ಕೆ ಸಿಗುವುದಿಲ್ಲ, ಯಾಕೆಂದರೆ ಇದನ್ನು ಅವಳು ವರ್ಷಕ್ಕೆ ಎರಡು ಸಲವಾದರೂ ಮುಟ್ಟಿದ್ದಾಳೆ, ಓದಲಿಕ್ಕಲ್ಲ, ಜಾಗ ಬದಲಿಸಲಿಕ್ಕೆ, ಅಕ್ಕಿ ಡಬ್ಬದ ಹಿಂದಿನಿಂದ ಸೀರೆಗಳ ಅಡಿಗೆ, ಸೀರೆಗಳ ಅಡಿಯಿಂದ ಅಟ್ಟಕ್ಕೆ, ಬೆಕ್ಕು ಮರಿಗಳನ್ನು ಕಚ್ಚಿಕೊಂಡು ತಿರುಗಿದ ಹಾಗೆ, ಬೆಕ್ಕಿಗಾದರೂ ಅದು ಪ್ರೀತಿ, ಇವಳಿಗೆ ಏನು. ಬೆಳಗಿನಿಂದ ಅದು ಮೂರೂ ಗುಡ್ಡೆಗಳಲ್ಲಿ ಕೂತೆದ್ದಿದೆ. ಒಯ್ದರೆ ಆ ಹತ್ತಡಿ ಕೋಣೆಯಲ್ಲಿ ಅದರ ಜೊತೆ ಮಲಗಬೇಕು. ಕೊಡುವುದಾದರೆ — ಕೊಡಬೇಕಾದವರು ಯಾರೆಂದು ಗೊತ್ತು, ನೂರ ಎಂಬತ್ತು ಮಂದಿ.

ನೂರ ಎಂಬತ್ತು ಹೆಂಗಸರು, ಅವಳು ಕೆಲಸಕ್ಕಿದ್ದ ಮಿಲ್ಲಿನ ನೇಯ್ಗೆ ಶೆಡ್ಡಿನವರು, ಮಗ್ಗಗಳು ಒಟ್ಟಿಗೆ ಓಡುವಾಗ ಎದುರಿಗೆ ನಿಂತವಳು ಕೂಗಿದರೂ ಬಾಯಿ ಮಾತ್ರ ತೆರೆಯುವುದು ಕಾಣುತ್ತಿತ್ತು, ಅಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ತುಟಿ ಓದುತ್ತಿದ್ದರು, ಕೈಯಲ್ಲೇ ಬೈಯುತ್ತಿದ್ದರು, ಮೇಸ್ತ್ರಿಯ ನಡಿಗೆಯನ್ನು ಅಣಕಿಸಿ ಸದ್ದಿಲ್ಲದೆ ನಗುತ್ತಿದ್ದರು. ಕಿವಿಗೆ ಹತ್ತಿ ಸಿಗುತ್ತಿದ್ದದ್ದು ತಪಾಸಣೆಯ ಅಧಿಕಾರಿ ಬರುವ ದಿನ, ಅವನ ಕಾರು ಗೇಟು ದಾಟಿದ ಕೂಡಲೇ ಮೇಸ್ತ್ರಿ ಬುಟ್ಟಿ ಹಿಡಿದು ಅದೇ ಹತ್ತಿಯನ್ನು ವಾಪಸು ವಸೂಲಿ ಮಾಡುತ್ತಿದ್ದ, ಮಿಲ್ಲು ತುಂಬ ಹತ್ತಿ, ಕಿವಿಗೆ ಒಂದು ಚೂರು ಇಲ್ಲ, ಇದನ್ನು ನೋಡಿಯೂ ಅವಳು ಮಧ್ಯಾಹ್ನದ ಬುತ್ತಿ ಬಿಚ್ಚಿ ಉಂಡಿದ್ದಾಳೆ. ಶೆಡ್ಡಿನ ಪಕ್ಕ ದವಾಖಾನೆ, ಅವಳ ಕೆಲಸ ಅಲ್ಲಿ, ದವಾಖಾನೆಯೊಳಗೆ ಗಾಜಿನ ಕಿಟಕಿಯ ಪುಟ್ಟ ಕೋಣೆ, ವರ್ಷಕ್ಕೊಂದು ಸಲ ಕಿವಿ ಪರೀಕ್ಷೆಗೆ ಒಬ್ಬೊಬ್ಬಳೇ ಬಂದು ಅದರಲ್ಲಿ ಕೂತು ಹೆಡ್‌ಫೋನು ಹಾಕಿಕೊಳ್ಳಬೇಕು, ಹೊರಗೆ ಕೂತ ಅವಳು ಗುಂಡಿ ಒತ್ತಿದರೆ ಒಳಗೆ ಕೀಂ ಎನ್ನುತ್ತದೆ, ಕೇಳಿಸಿದರೆ ಬೆರಳೆತ್ತಬೇಕು, ಇಪ್ಪತ್ತರೊಳಗೆ ಅಂಕಿ ಬಂದರೆ ಕಿವಿ ಸರಿ, ಅಂಕಿ ಏರಿದಷ್ಟೂ ಕಿವಿ ಹೋಗಿದೆ ಎಂದರ್ಥ. ಕಿವಿಯಕ್ಕ ಎಂದು ಅವಳಿಗೆ ಹೆಸರು. ಕಿವಿಯಕ್ಕಾ, ಈ ವರ್ಷಾನೂ ದಾಟಿಸಿಬಿಡಿ, ಫೇಲಾದ್ರೆ ಮಗ್ಗ ಬಿಡಿಸಿ ಮನೆಗೆ ಕಳಿಸ್ತಾರೆ, ಮನೇಲಿ ಕೇಳೋಕೆ ಏನಿದೆ, ಗಂಡನ ಗೊರಕೆ — ಎಂದು ಒಬ್ಬಳು ನಕ್ಕಿದ್ದಳು. ಆಗಲೇ ಗೊತ್ತಾಗಿತ್ತಲ್ಲ, ಅವರು ಕೀಂ ಎನ್ನುವುದನ್ನು ಕೇಳಿ ಬೆರಳೆತ್ತುತ್ತಿರಲಿಲ್ಲ, ಗಾಜಿನಾಚೆ ಇವಳ ಮಣಿಕಟ್ಟು ಅಲುಗುವುದನ್ನು ನೋಡಿ ಎತ್ತುತ್ತಿದ್ದರು, ಕೈ ಆಡಿತು, ಬೆರಳೆದ್ದಿತು, ಕೈ ಆಡಿತು, ಬೆರಳೆದ್ದಿತು, ಗೊತ್ತಾದ ಮೇಲೆ ಇವಳು ಏನು ಮಾಡಿದಳು, ಮೇಜಿನ ಕೆಳಗಿದ್ದ ಗುಂಡಿಯನ್ನು ಮೇಜಿನ ಮೇಲಕ್ಕೆ ತಂದಿಟ್ಟುಕೊಂಡಳು, ಚೆನ್ನಾಗಿ ಕಾಣಲಿ ಎಂದು, ಅಷ್ಟೇ, ಒಂದು ಮಾತಿಲ್ಲ, ಒಂದು ಸುಳ್ಳು ಆಡಲಿಲ್ಲ, ಮೇಜಿನ ಮೇಲೊಂದು ಗುಂಡಿ ಸರಿಸಿದ್ದಷ್ಟೇ. ಎಲ್ಲರೂ ಪಾಸು. ಡಾಕ್ಟರು ಇವಳು ಅಂಕಿ ತುಂಬಿ ಸಹಿ ಹಾಕಿದ ಕಾರ್ಡುಗಳ ಕಟ್ಟನ್ನು ಬೆರಳಲ್ಲಿ ಸರಸರ ಎನಿಸಿ, ಒಳ್ಳೇ ಗಟ್ಟಿ ಕಿವಿ ಕಣ್ರೀ ನಮ್ಮ ಹೆಂಗಸರದು, ಎಂದರು, ಇವಳೂ ನಕ್ಕಳು. ಆ ನಗು ಎಲ್ಲಿಂದ ಬಂತು. ಮದುವೆಗೆ ಕರೆದರು, ಮಗುವಿಗೆ ಹೆಸರಿಡಲು ಕರೆದರು, ನಮ್ಮ ಕಿವಿಯಕ್ಕ ದೇವರಂಥವಳು ಎಂದರು, ಆ ದೇವರ ಪಟ್ಟ ಎಷ್ಟು ಹಿತವಾಗಿತ್ತು, ಹೇಡಿತನಕ್ಕೆ ದಯೆ ಎಂದು ಹೆಸರಿಟ್ಟರೆ ಅದು ಎಷ್ಟು ಬೇಗ ಮೈಗಂಟಿಕೊಳ್ಳುತ್ತದೆ. ಮಿಲ್ಲಿನವರು ಕಿವಿ ಕದ್ದರು, ಇವಳು ಕಳ್ಳತನವಾಗಿಲ್ಲ ಎಂದು ಸಹಿ ಹಾಕಿ ಕೊಟ್ಟಳು, ವರ್ಷ ವರ್ಷ, ಹನ್ನೆರಡು ವರ್ಷ.

ನೋಟುಬುಕ್ಕಿನದು ಬೇರೆ ಕಥೆ. ಕಾರ್ಡು ಬರೆದಾದ ಮೇಲೆ ಪ್ರತಿಯೊಬ್ಬಳಿಗೂ, ಇನ್ನೊಂದು ಸಲ, ಈಗ ಕಣ್ಣು ಮುಚ್ಕೊಂಡು ಕೂತ್ಕೋ, ಎಂದು ಸನ್ನೆ ಮಾಡುತ್ತಿದ್ದಳು, ಯಾಕೆಂದು ಅವರು ಕೇಳುತ್ತಿರಲಿಲ್ಲ, ಕಿವಿಯಕ್ಕ ಹೇಳಿದ ಮೇಲೆ ಆಯಿತು. ಎಡಗಡೆಯ ಸಾಲು ಕಣ್ಣು ತೆರೆದಾಗಿನದು, ಬಲಗಡೆಯದು ಮುಚ್ಚಿದಾಗಿನದು. ಹದಿನೈದು — ಐವತ್ತೈದು. ಇಪ್ಪತ್ತು — ಅರವತ್ತೈದು. ಸತ್ಯ ಎಲ್ಲಾದರೂ ಒಂದು ಕಡೆ ಇರಲಿ ಎಂದು ತನಗೆ ತಾನೇ ಹೇಳಿಕೊಂಡಿದ್ದಳು, ಎಂಥ ಮಾತು, ಸತ್ಯವೇನು ಉಪ್ಪಿನಕಾಯಿಯೇ, ಜಾಡಿಯಲ್ಲಿ ತುಂಬಿಟ್ಟು ಬೇಕಾದಾಗ ತೆಗೆಯಲಿಕ್ಕೆ, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದುಕೊಂಡವಳ ಕೈಯಲ್ಲಿ ಕೊನೆಗೆ ಉಳಿಯುವುದು ಕೋಲು, ಕಚ್ಚಿಸಿಕೊಂಡವರು ಬೇರೆಯವರು. ಗುಂಡಿ ಒತ್ತುತ್ತಾ ಹೋಗುತ್ತಿದ್ದಳು, ಜೋರು, ಇನ್ನೂ ಜೋರು, ಹೆಡ್‌ಫೋನಿನಿಂದ ಹೊರಚೆಲ್ಲಿ ಗಾಜು ದಾಟಿ ಇವಳಿಗೇ ಕೇಳುವಷ್ಟು, ಒಳಗೆ ಕೂತವಳು ಕಣ್ಣು ಮುಚ್ಚಿಕೊಂಡು ಸಣ್ಣಗೆ ನಗುತ್ತಾ ಕಾಯುತ್ತಿದ್ದಳು, ಇನ್ನೂ ಶುರುವೇ ಆಗಿಲ್ಲ ಎನ್ನುವ ಹಾಗೆ, ತೊಡೆಯ ಮೇಲೆ ಬೆರಳು ಸುಮ್ಮನೆ ಮಲಗಿರುತ್ತಿತ್ತು. ಆ ಬೆರಳು. ಒಂದು ವರ್ಷದಿಂದ ಕೈ ತಾಗದೆ ಇರೋದು ಎಸಿ. ಮಿಲ್ಲು ಮುಚ್ಚಿ ಎರಡು ವರ್ಷಕ್ಕೆ ಏಳು ಜನ ಹೆಂಗಸರು ಈ ಮನೆಯ ಬಾಗಿಲಿಗೆ ಬಂದಿದ್ದರು, ಕಿವಿ ಹೋಗಿದೆ ಪರಿಹಾರ ಕೊಡಿ ಅಂತ ಕೇಸು ಹಾಕಿದೀವಕ್ಕಾ, ಮಿಲ್ಲಿನವರು ನಿಮ್ಮ ಸಹಿ ಇರೋ ಕಾರ್ಡು ತೋರಿಸ್ತಿದಾರೆ, ನಿಮ್ಮ ಹತ್ರ ಬೇರೆ ಕಾಗದ ಏನಾದ್ರೂ — ಇದ್ದದ್ದೆಲ್ಲ ಮಿಲ್ಲಲ್ಲೇ ಬಿಟ್ಟು ಬಂದೆ, ಎಂದಳು ಇವಳು, ಚಹಾ ಕೊಟ್ಟಳು, ಮಗಳ ಓದು ಇತ್ತು ಆಗ, ಗಂಡನಿಗೆ ಅದೇ ಮಿಲ್ಲಿನವರ ಇನ್ನೊಂದು ಕಚೇರಿಯಲ್ಲಿ ಕೆಲಸವಿತ್ತು, ಏನೇನೋ ಇತ್ತು, ಯಾವಾಗಲೂ ಏನಾದರೊಂದು ಇರುತ್ತದೆ. ಕಟಕಟೆಯಲ್ಲಿ ನಿಂತು, ಸಹಿ ನನ್ನದೇ, ಎಂದಳು. ಎರಡೇ ಪದ. ಅರ್ಜಿ ವಜಾ. ಮೇಲಿನ ಕೋರ್ಟಿಗೆ ಹೋಗಿದ್ದಾರೆ, ಮುಂದಿನ ತಿಂಗಳು ವಿಚಾರಣೆಯಂತೆ, ಪೇಪರಿನಲ್ಲಿ ನಾಲ್ಕು ಸಾಲು ಬಂದಿತ್ತು, ಅದನ್ನು ಓದಿದ ಸಂಜೆಯೇ ಅಲ್ಲವೇ ಮಗಳಿಗೆ ಫೋನು ಮಾಡಿ, ಬರ್ತೀನಮ್ಮಾ, ಈ ಊರು ಸಾಕು, ಎಂದದ್ದು, ಮಗಳು ಎಷ್ಟು ಖುಷಿಪಟ್ಟಳು, ಒಂಟಿತನಕ್ಕೆ ಬೇಸತ್ತಿದ್ದಾಳೆ ಅಮ್ಮ ಎಂದುಕೊಂಡಳು, ಓಡಿಹೋಗುವವಳಿಗೆ ಎರಡು ದಿನದ ರೈಲು ಬೇಕಿತ್ತು ಎಂದು ಆ ಹುಡುಗಿಗೆ ಯಾರು ಹೇಳಬೇಕು.

ಕೆಳಗಿನ ಅಂಗಡಿಯಿಂದ ಟೈಲರು ಕೂಗುತ್ತಾನೆ, ಅಮ್ಮಾ, ನಗಾರಿ ಬಂದವ್ಳೆ, ಮೇಲಕ್ಕೆ ಕಳಿಸಿದೀನಿ, ನಗಾರಿ ಹಳೇ ಸಾಮಾನಿನವಳು, ಅವಳನ್ನು ಬಾಲ್ಕನಿಯಿಂದ ಕೂಗಿದರೆ ತಿರುಗುವುದಿಲ್ಲ, ಯಾರಾದರೂ ಬೀದಿಗಿಳಿದು ಕೈ ಅಡ್ಡ ಹಿಡಿಯಬೇಕು, ಟೈಲರು ತನ್ನ ಅಳತೆ ಟೇಪು ಬೀಸುತ್ತಾನೆ, ಬೀಸಿದರೆ ಅವಳು ಗಾಡಿ ನಿಲ್ಲಿಸುತ್ತಾಳೆ, ಬೀದಿಗೆಲ್ಲ ಅದೊಂದು ತಮಾಷೆ. ಮಿಲ್ಲಿನಲ್ಲಿದ್ದಾಗಲೇ ಅವಳು ನಗಾರಿ, ಮಗ್ಗದ ಸದ್ದಿನ ಮೇಲೂ ಅವಳ ದನಿಯೊಂದು ಕೇಳುತ್ತಿತ್ತು ಎಂದು, ಆ ಏಳು ಜನರಲ್ಲಿ ಒಬ್ಬಳು, ಬಾಗಿಲ ಮೆಟ್ಟಿಲ ಮೇಲೆ ನಿಂತು, ಏನು ಮಾತಾಯಿತೆಂದು ಕೇಳಿಸದೆ, ಎಲ್ಲರಿಗಿಂತ ಜಾಸ್ತಿ ನಕ್ಕು ಹೋದವಳು. ಮೆಟ್ಟಿಲ ಮೇಲೆ ಅವಳ ಹೆಜ್ಜೆ. ಇವಳ ಕೈ ಮುಂದಾಯಿತು, ತಾನಾಗಿ, ಮೇಜಿನ ಮೇಲೆ ಗುಂಡಿ ಸರಿಸಿದ ಅದೇ ಕೈ, ನೋಟುಬುಕ್ಕನ್ನು ಹಳೇ ಪೇಪರಿನ ಕಟ್ಟಿನ ನಡುವೆ ತೂರಿಸಿತು, ಸಿಕ್ಕರೆ ಸಿಗಲಿ, ಇಲ್ಲದಿದ್ದರೆ ತೂಕವಾಗಿ ಹೋಗಲಿ, ನಾನು ಕೊಟ್ಟ ಹಾಗೂ ಆಯಿತು, ಕೊಡದ ಹಾಗೂ ಆಯಿತು — ಥೂ. ಏನಕ್ಕಾ, ಊರೇ ಬಿಟ್ಟು ಹೊರಟ್ರಂತೆ, ನಮ್ಮನ್ನೆಲ್ಲ ಯಾರು ನೋಡ್ಕೋತಾರೆ ಇನ್ಮೇಲೆ, ನಗಾರಿಯ ದನಿ ಬೋಳು ಕೋಣೆಯಲ್ಲಿ ಡಣ್ಣೆಂದಿತು, ನೆಲದ ಮೇಲೆ ಕೂತು ಗೋಣಿ ಹಾಸಿದಳು, ಬಾಣಲೆ ತಟ್ಟಿ ನೋಡಿದಳು, ಛತ್ರಿ ಬಿಡಿಸಿ ಮಡಚಿದಳು, ಪೇಪರ್ ಕಟ್ಟು ಬಿಚ್ಚಬೇಡ ಹಾಗೇ ಹಾಕ್ಕೋ, ಎಂದಳು ಇವಳು, ಅವಳ ಮುಖ ಗೋಣಿಯ ಕಡೆಗಿತ್ತು, ಕೇಳಿಸಲಿಲ್ಲ, ಬಿಚ್ಚಿದಳು. ಒಂದೊಂದೂ ಕೊಡವಿ ನೋಡ್ತೀನಕ್ಕಾ, ಜನ ಏನೇನೋ ಮರ್ತಿರ್ತಾರೆ, ಹೋದ ವಾರ ಒಂದು ಪುಸ್ತಕದೊಳಗೆ ಒಬ್ಬರ ಮದುವೆ ಫೋಟೋ ಸಿಕ್ತು, ಕೊಡೋಣ ಅಂತ ಹುಡುಕ್ಕೊಂಡು ಹೋದ್ರೆ ಅವನ ಹೆಂಡ್ತಿ, ಬೇಡಮ್ಮಾ ನೀನೇ ಇಟ್ಕೋ, ಅವನನ್ನೂ ಕರ್ಕೊಂಡೋಗು ಅಂದ್ಲು. ನಗುತ್ತಲೇ ಕೊಡವಿದಳು. ನೀಲಿ ರಟ್ಟು. ಕೊಡವಿದಳು, ಏನೂ ಬೀಳಲಿಲ್ಲ, ಪಕ್ಕಕ್ಕಿಡಲು ಹೋದವಳು ಯಾಕೋ ತೆರೆದಳು, ಬಿಲ್ಲೆ ನಂಬರುಗಳು, ಮಿಲ್ಲಿನಲ್ಲಿ ಎಲ್ಲರೂ ಕೊರಳಿಗೆ ಹಾಕಿಕೊಳ್ಳುತ್ತಿದ್ದ ಬಿಲ್ಲೆಗಳವು, ಬೆರಳಿಟ್ಟು ಇಳಿದಳು, ನಿಂತಳು. ನಾನೂರ ಹನ್ನೊಂದು, ಇದು ನನ್ನದಲ್ವಾ ಅಕ್ಕಾ.

ಈಗ ಹೇಳು. ಈಗಲಾದರೂ. ನಲ್ಲಿ ತೊಟ್ಟಿಕ್ಕುತ್ತಿದೆ, ಎಡಗಡೆ ಏನಿದು, ಬಲಗಡೆ ಏನಿದು, ಎಂದು ಕೇಳುತ್ತಿದ್ದಾಳೆ ನಗಾರಿ, ಇವಳ ತುಟಿಯನ್ನೇ ನೋಡುತ್ತಾ, ಇವಳು ಎಡಗಡೆ ಬೆರಳಿಟ್ಟು ಕಣ್ಣು ಅಗಲಿಸಿ ತೋರಿಸಿದಳು, ಬಲಗಡೆ ಬೆರಳಿಟ್ಟು ಕಣ್ಣು ಮುಚ್ಚಿದಳು, ಮುಚ್ಚಿದ್ದು ತೆರೆಯಲು ಧೈರ್ಯ ಸಾಲಲಿಲ್ಲ, ಆ ಕತ್ತಲೆಯೊಳಗೆ ಪುಟ ತಿರುವುವ ಸದ್ದು, ಮೊದಲ ವರ್ಷ ಮೂವತ್ತು, ಆಮೇಲೆ ನಲವತ್ತು, ಎಪ್ಪತ್ತು, ಓದುತ್ತಿದ್ದಾಳೆ, ನಗಾರಿ ಪಿಸುದನಿಯಲ್ಲಿ ಓದುತ್ತಿದ್ದಾಳೆ, ಅವಳಿಗೂ ಸಣ್ಣ ದನಿಯೊಂದು ಇದೆ ಎಂದು ಇಷ್ಟು ವರ್ಷ ಗೊತ್ತಿರಲಿಲ್ಲ. ಆವತ್ತು ನಾನು ಕೇಳಿದ್ದೆ, ನೆನಪಿದ್ಯಾ ಅಕ್ಕಾ, ಕಣ್ಣು ಮುಚ್ಕೊಂಡು ನಿದ್ದೆ ಬರ್ತಿದೆ, ಯಾವಾಗ ಶುರು ಮಾಡ್ತೀರಾ ಅಂತ. ಮುಗೀತು ಹೋಗು ಅಂದ್ರಿ. ಕಣ್ಣು ತೆರೆದರೆ ನಗಾರಿ ಅಳುತ್ತಿಲ್ಲ, ಬೈಯುತ್ತಿಲ್ಲ, ಬೈದಿದ್ದರೆ ಎಷ್ಟು ಚೆನ್ನಾಗಿತ್ತು, ಬೈಗುಳವನ್ನು ಹೊತ್ತುಕೊಂಡು ರೈಲು ಹತ್ತಬಹುದಿತ್ತು, ಅವಳು ನೋಟುಬುಕ್ಕನ್ನು ಗೋಣಿಗೆ ಹಾಕಲಿಲ್ಲ, ಸೀರೆಯ ಸೆರಗಿನೊಳಗೆ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಳು, ನಮ್ಮ ವಕೀಲರಿಗೆ ಕೊಡ್ತೀನಿ, ಎಂದಳು, ಕೇಳಲಿಲ್ಲ, ತಿಳಿಸಿದಳು. ಬರೀ ಪುಸ್ತಕ ಸಾಕಾಗಲ್ಲ ಕಣೇ, ಬರೆದವಳು ಬಂದು ನಾನೇ ಬರೆದದ್ದು ಅನ್ನಬೇಕು — ಇದನ್ನು ಯಾರು ಹೇಳಿದರು, ಇವಳೇ ಹೇಳಿದಳೇ, ಬಾಯಿಂದ ಬಂತೇ, ಮನಸ್ಸಲ್ಲೇ ಉಳಿಯಿತೇ. ನಗಾರಿ ಎದ್ದು ಟೇಪು ಸುತ್ತಿದ ಪೆಟ್ಟಿಗೆಯೊಂದನ್ನು ಗೋಡೆಯ ಕಡೆಗೆ ಎಳೆದುಕೊಂಡಳು, ಇವಳಿಗೆ ಬೆನ್ನು ಹಾಕಿ ಅದರ ಮೇಲೆ ಕೂತಳು, ಗಾಜಿನ ಕೋಣೆಯಲ್ಲಿ ಕೂತ ಹಾಗೆ, ಬೆನ್ನು ನೆಟ್ಟಗೆ, ನಿಮ್ಮ ಬಾಯಿ ನೋಡಲ್ಲ, ಕೈ ನೋಡಲ್ಲ, ಕಣ್ಣು ಮುಚ್ಚಿದೀನಿ, ಹೇಳೋದೇನಿದೆಯೋ ಈಗ ಹೇಳಿ ಅಕ್ಕಾ, ಕೇಳಿಸಿದ್ರೆ ಬೆರಳೆತ್ತುತ್ತೀನಿ. ತಪ್ಪಾಯ್ತು, ಎಂದಳು ಇವಳು. ನಲ್ಲಿ ತೊಟ್ಟಿಕ್ಕಿತು. ತಪ್ಪಾಯ್ತು ಕಣೇ, ಎಂದಳು, ಇನ್ನೂ ಜೋರಾಗಿ, ಬರ್ತೀನಿ, ಮುಂದಿನ ತಿಂಗಳು ಬಂದು ಕೋರ್ಟಲ್ಲಿ ಹೇಳ್ತೀನಿ, ಗುಂಡಿ ಮೇಲಿಟ್ಟಿದ್ದು ನಾನೇ ಅಂತ ಹೇಳ್ತೀನಿ, ಎದುರು ಮನೆಯ ಚಿಲಕ ತೆರೆದುಕೊಂಡಿತು, ಕೆಳಗೆ ಟೈಲರನ ಮಿಷನ್ನು ನಿಂತಿತು, ಬೀದಿಗೆಲ್ಲ ಕೇಳಿತು, ಬೋಳು ಗೋಡೆ ಪ್ರತಿ ಪದವನ್ನೂ ಇವಳ ಮುಖಕ್ಕೇ ವಾಪಸು ಎಸೆಯಿತು, ಬರ್ತೀನಿ, ಬರ್ತೀನಿ ಕಣೇ, ಇನ್ನೂ ಜೋರು, ಇನ್ನೂ ಜೋರು, ಪಕ್ಕಕ್ಕೆ ಬಾಗಿ ನೋಡಿದಳು, ನಗಾರಿ ಕಣ್ಣು ಮುಚ್ಚಿ ಕಾಯುತ್ತಿದ್ದಾಳೆ, ತೊಡೆಯ ಮೇಲೆ ಬೆರಳು, ಉಗುರಿನ ಸಂದಿಯಲ್ಲಿ ಬಾಣಲೆಯ ಮಸಿ, ಬೆರಳು, ಸುಮ್ಮನೆ ಮಲಗಿರುವ ಬೆರಳು