ಅಟ್ಟಕ್ಕೆ ಹಾಕಿದ ಕಾಯಿ

"ಮಾವ, ಕೊನೇ ಸಲ ಕೇಳ್ತಿದೀನಿ. ಆ ಹಳೇ ಫೋನ್ ಎಲ್ಲಿ?"

ಚನ್ನವೀರಯ್ಯನವರು ವಿಭೂತಿ ಡಬ್ಬಿಯ ಮುಚ್ಚಳವನ್ನು ನಿಧಾನವಾಗಿ ತಿರುಗಿಸಿದರು. ಗುಬ್ಬಿಯಲ್ಲಿ ಕೊಬ್ಬರಿ ಮಂಡಿ ನಡೆಸಿದ ಮನುಷ್ಯ. ವ್ಯಾಪಾರಸ್ಥರು ಎದುರಿಗೆ ನಿಂತು ಎಗರಾಡಿದರೂ ಜಗ್ಗಿದವರಲ್ಲ, ಇನ್ನು ಸೊಸೆ ಅಕ್ಷತಾಳ ಕೂಗಾಟಕ್ಕೆ ಜಗ್ಗುತ್ತಾರೆಯೇ?

"ಕೊಡಕ್ಕಾಗಕಿಲ್ಲ ಕಣಮ್ಮ. ಅದ್ರಾಗೆ ನನ್ ಕಾಯಿ ಅವೆ."

ಅಕ್ಷತಾಳಿಗೆ ಹಣೆ ಚಚ್ಚಿಕೊಳ್ಳುವಂತಾಯಿತು. ತುಮಕೂರಿನ ಈ ಬಾಡಿಗೆ ಮನೆಯ ಮುಂದೆ ಬೆಂಗಳೂರಿನ ಗೇಮ್ ಕಂಪನಿಯ ಸಿದ್ಧಾರ್ಥ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದಾನೆ. ಇವರಿಗೆ ಕಾಯಿಯಂತೆ, ಕಾಯಿ!

'ಕಾಯಿ ಢಮಾರ್' ಗೊತ್ತಿಲ್ಲದವರು ಯಾರಿದ್ದಾರೆ? ಕುಣಿಗಲ್ ಬಸ್ಸಿನಲ್ಲಿ ಕೂತವರೆಲ್ಲ ಫೋನು ಅಲ್ಲಾಡಿಸಿ ಅಲ್ಲಾಡಿಸಿ ತೆಂಗಿನಕಾಯಿ ಸಿಡಿಸುವವರೇ. ಆ ಆಟವನ್ನು ಬರೆದವಳು ಅಕ್ಷತಾ. ಆದರೆ ಆಟದಲ್ಲಿ ಎಲ್ಲಿ ಹುಡುಕಿದರೂ ಅವಳ ಹೆಸರಿಲ್ಲ, ಕಂಪನಿಯದು ಮಾತ್ರ ಇದೆ. ಆ ಹೊಟ್ಟೆಯುರಿ ಅವಳಿಗೆ ಇವತ್ತಿಗೂ ಆರಿಲ್ಲ.

ಢಮಾರ್‌ಗಿಂತ ಮೊದಲು ಅವಳು ಮಾಡಿದ್ದ ಆಟದ ಹೆಸರು 'ಅಟ್ಟ'. ಮಾವನ ಹಿಂದೆ ಚೇಳೂರಿನ ಮನೆಮನೆಯ ಅಟ್ಟ ಹತ್ತಿ, ಅವರು ಕಿವಿಯ ಹತ್ತಿರ ಕಾಯಿ ಅಲ್ಲಾಡಿಸುವಾಗಿನ ಸದ್ದುಗಳನ್ನು ಹಿಡಿದು ತಂದು ಕಟ್ಟಿದ್ದಳು. ಕಾಯಿಗಳನ್ನು ಅಟ್ಟಕ್ಕೆ ಹಾಕಿ ಕಾಯಬೇಕು. ಸುಳ್ಳು ಕಾಯುವುದಲ್ಲ, ನಿಜವಾಗಿ, ಹತ್ತಿರ ಹತ್ತಿರ ಒಂದು ವರ್ಷ. ಆಮೇಲೆ ಫೋನನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಬೇಕು. ನೀರು ಗುಳುಗುಳು ಎಂದರೆ ಇನ್ನೂ ಇಲ್ಲ. ನೀರಿಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಎಂದರೆ ಒಳಗೆ ಒಣಗಿ ಗಿಟಕಾಯಿತು, ಒಡೆಯಬಹುದು. ಮೊದಲೇ ಒಡೆದರೆ ಕೊಳೆತದ್ದೇ ಸಿಗುವುದು. ಆಡಿ ನೋಡಿ ಎಂದು ಗೆಳೆಯರಿಗೆಲ್ಲ ಕೊಟ್ಟಳು. ವಾರ ತುಂಬುವುದರೊಳಗೆ ಎಲ್ಲರೂ ಅಳಿಸಿ ಹಾಕಿದರು. ಕಂಪನಿಯವರು ಬಿದ್ದು ಬಿದ್ದು ನಕ್ಕು, ಕಾಯುವುದನ್ನು ಕಿತ್ತುಹಾಕಿಸಿ ಸಿಡಿಯುವುದನ್ನು ಸೇರಿಸಿ ಢಮಾರ್ ಮಾಡಿಸಿದರು.

ಈಗ ಅದೇ ಕಂಪನಿಗೆ ಅಟ್ಟ ಬೇಕಂತೆ. ಢಮಾರ್‌ನ ಮೂಲ ಆಟ ಎಂದು ನಾಳೆ ಬಿಡುಗಡೆ, ಶುರುವಿನಲ್ಲೇ ದೊಡ್ಡದಾಗಿ ಅಕ್ಷತಾಳ ಹೆಸರು. ಅವಳ ಲ್ಯಾಪ್‌ಟಾಪ್ ಕೆಟ್ಟುಹೋಗಿ ಆಟ ಉಳಿದಿರುವುದು ಮಾವನಿಗೆ ಕೊಟ್ಟಿದ್ದ ಆ ಒಂದು ಫೋನಿನಲ್ಲಿ. ಅದನ್ನು ಬಿಚ್ಚಿ ಆಟವನ್ನು ಹೊರತೆಗೆದರೆ ಮಾವ ಆಡುತ್ತಾ ಅದರಲ್ಲಿ ಹಾಕಿದ ಕಾಯಿಗಳು ಹೋಗುತ್ತವೆ. ಹೋದರೆ ಹೋಗಲಿ, ಅವೇನು ಸಾರಿಗೆ ಬೀಳುವ ಕಾಯಿಗಳೇ?

ವಸಂತನರಸಾಪುರದ ಫ್ಯಾಕ್ಟರಿಯಲ್ಲಿದ್ದ ಗಂಡ ಸೋಮಶೇಖರನಿಗೆ ಫೋನ್ ಮಾಡಿದಳು. "ಅಪ್ಪನ ಹತ್ರ ನನ್ ಮಾತು ಯಾವತ್ತು ನಡ್ದದೆ?" ಎಂದು ಅವನು ಕೈತೊಳೆದುಕೊಂಡ.

ಬೀರು, ಹಾಸಿಗೆ, ಪೂಜೆಯ ಗೂಡು ಎಲ್ಲವನ್ನೂ ಜಾಲಾಡಿ ಬೆವರು ಒರೆಸಿಕೊಳ್ಳುತ್ತಾ ಅಡುಗೆಮನೆಗೆ ಬಂದರೆ, ಒಲೆಯ ಪಕ್ಕದಲ್ಲಿ ಸ್ಟೂಲು! ಹತ್ತಿ ಮೇಲಿನ ಅಟ್ಟಕ್ಕೆ ಕೈಹಾಕಿದಳು. ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಫೋನು ಸಿಕ್ಕಿತು, ಮೈಯೆಲ್ಲ ಒಗ್ಗರಣೆಯ ಜಿಡ್ಡು.

"ಮಾವ! ಇಲ್ಲಿ ಯಾಕಿಟ್ರಿ ಇದನ್ನ?"

"ಇನ್ನೆಲ್ಲಿ ಇಡಾನ? ಕೆಳಗ್ಲಿಂದ ಒಲೆ ಕಾವು ಬ್ಯಾಡ್ವ ಕಾಯ್ಗೆ? ಸೋಮವಾರ ಪೂಜೆ ಮುಗಿಸ್ಕಂಡು ಇಳ್ಸಿ, ಚಾರ್ಜ್ ಹಾಕಿ, ತಿರ್ಗ ಅಲ್ಲೇ ಇಡ್ತೀನಿ."

"ಇದು ಫೋನು ಮಾವ, ಫೋನು! ಒಳಗೆ ಕಾಯೂ ಇಲ್ಲ, ಮಣ್ಣೂ ಇಲ್ಲ. ನೋಡಿ, ಕೇಳಿ!" ಎಂದು ರೇಗಿ, ಆಟ ತೆರೆದು ಫೋನನ್ನು ಕಿವಿಯ ಬಳಿ ಹಿಡಿದು ಜೋರಾಗಿ ಅಲ್ಲಾಡಿಸಿದಳು.

ಗುಳುಕ್ ಎಂದಿತು. ಅದರ ಹಿಂದೆಯೇ, ಕೊಬ್ಬರಿಯ ಒಂದು ಅಂಚು ಚಿಪ್ಪಿಗೆ ಮೆಲ್ಲಗೆ ತಾಗಿದ ಸದ್ದು.

ಅಕ್ಷತಾಳ ಕೈ ನಿಂತುಹೋಯಿತು. ಚೇಳೂರಿನಲ್ಲಿ ಉಸಿರು ಬಿಗಿಹಿಡಿದು ರೆಕಾರ್ಡ್ ಮಾಡಿಕೊಂಡಿದ್ದ ಸದ್ದು ಅದು, ಹತ್ತು ತಿಂಗಳು ದಾಟಿದ ಕಾಯಿಯದು. ಅಲ್ಲಿಯ ತನಕ ಯಾರು ಕಾಯುತ್ತಾರೆ ಎಂದು ಅವಳೇ ಅದನ್ನು ಮರೆತಿದ್ದಳು.

"ಒಂದ್ ಗುಟುಕು ನೀರೈತೆ ಇನ್ನ," ಎಂದರು ಚನ್ನವೀರಯ್ಯ, ದೂರದಿಂದಲೇ ಕೇಳಿಸಿಕೊಂಡು. "ದೀಪಾವಳಿ ಹೊತ್ಗೆ ಗಿಟಕಾಯ್ತದೆ. ಹೋದ್ಸಲ ಆತ್ರ ಬಿದ್ದು ಒಡ್ದ್‌ಬುಟ್ಟೆ, ಎಲ್ಲ ಕೊಳ್ತೋಗಿತ್ತು. ತಿರ್ಗ ಹಾಕಿವ್ನಿ."

"ತಿರ್ಗ ಹಾಕಿದ್ರಾ?"

"ಹೂಂ ಮತ್ತೆ. ಬುಟ್ಬುಡಾಕಾಯ್ತದಾ?"

ಸಿದ್ಧಾರ್ಥ ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತಿದ್ದ. "ಸಿಕ್ತಾ ಮೇಡಂ? ಸದ್ಯ! ಒಂದ್ ವರ್ಷ ಕಾಯೋದನ್ನ ಹತ್ತು ಸೆಕೆಂಡ್ ಮಾಡ್ಬಿಡ್ತೀವಿ, ಸೂಪರಾಗಿರುತ್ತೆ."

ಅಕ್ಷತಾ ಸ್ಟೂಲಿನ ಮೇಲಿಂದ ಅವನನ್ನು ನೋಡಿದಳು, ಆಮೇಲೆ ಮಾವನನ್ನು. ಇಬ್ಬರ ಮೇಲೂ ಅವಳಿಗೆ ಕೆಟ್ಟ ಕೋಪ ಬಂದಿತ್ತು.

"ಇನ್ನೂ ಆಗಿಲ್ಲ. ದೀಪಾವಳಿ ಕಳೀಲಿ, ಬನ್ನಿ."

"ಮೇಡಂ, ಆಗ ಯಾರಿಗೆ ಬೇಕು? ನಾಳೆ ನಿಮ್ಮ ಹೆಸರು ಬರಲ್ಲ."

"ಗೊತ್ತು ಕಣ್ರೀ. ಹೊರಡಿ."

ಅವನು ಗೊಣಗುತ್ತಾ ಇಳಿದುಹೋದ. ಅವಳ ಕಣ್ಣಲ್ಲಿ ನೀರು ತುಂಬಿತು, ಅದಕ್ಕೂ ಸಿಟ್ಟು ಬಂತು. "ನೋಡ್ತಾ ನಿಂತಿದೀರಲ್ಲ, ಸ್ಟೂಲು ಹಿಡ್ಕೊಳ್ಳಿ!" ಎಂದು ಮಾವನ ಮೇಲೆ ಹರಿಹಾಯ್ದಳು.

ಚನ್ನವೀರಯ್ಯ ಎರಡೂ ಕೈಯಿಂದ ಸ್ಟೂಲು ಹಿಡಿದುಕೊಂಡರು. "ಮಗ್ಗುಲು ಬದಲಾಯಿಸಿ ಇಡಮ್ಮ."

ಕೆಳಗೆ ಕಾರಿನೊಳಗಿಂದ ಢಮಾರ್, ಢಮಾರ್ ಎಂದು ಕೇಳಿಸುತ್ತಿತ್ತು. ಅಕ್ಷತಾ ಬಾಯಲ್ಲೇ ಬೈದುಕೊಳ್ಳುತ್ತಾ ಸೆರಗಿನಿಂದ ಜಿಡ್ಡು ಒರೆಸಿ, ಪಂಚೆಯ ತುಂಡಿನಲ್ಲಿ ಫೋನನ್ನು ಸುತ್ತಿ, ಮಗ್ಗುಲು ಬದಲಾಯಿಸಿ ಒಲೆಯ ನೇರಕ್ಕೆ ಮಲಗಿಸಿದಳು.