ಜಲಪಾತದ ದಾರಿಯಲ್ಲಿ ಬ್ಯೂಫರ್ಡನ ಮನೆ

ಗ್ರೀನ್‌ವಿಲ್‌ನಿಂದ ಬೆಳಿಗ್ಗೆ ಹೊರಟು ಸಂಜೆಗೆ ಸಲೀಸಾಗಿ ಮರಳಬಹುದಾದ ಜಾಗಗಳ ಬಗ್ಗೆ ಪತ್ರಿಕೆಯವರು ಪ್ರತಿ ಬೇಸಿಗೆಯಲ್ಲೂ ಒಂದು ಪುಟ ಬರೆಯುತ್ತಾರೆ. ಬರೆಯುವವರಿಗೆ ನೆಂಟರಿಲ್ಲ ಎಂದು ಕಾಣುತ್ತದೆ. ಗುಡ್ಡದ ಜಲಪಾತಕ್ಕೆ ಒಂದೇ ಗಂಟೆಯ ದಾರಿ ಎಂದು ಧೈರ್ಯವಾಗಿ ಅಚ್ಚು ಹಾಕಿಸಿಬಿಟ್ಟಿದ್ದರು. ಅರ್ಲೀನ್ ಆ ಪುಟವನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ವರ್ಷಗಳೇ ಆಗಿದ್ದವು. ಕಾಗದ ಹಳದಿಯಾಯಿತು, ಅವಳ ಮಂಡಿ ಸವೆಯಿತು, ಜಲಪಾತ ಮಾತ್ರ ಇನ್ನೂ ಒಂದು ಗಂಟೆ ದೂರದಲ್ಲೇ ಇತ್ತು.

ಇದಕ್ಕೆ ಕಾರಣ ಗಂಡ ಹಾಯ್ಟ್. ಮನುಷ್ಯ ಕೆಟ್ಟವನಲ್ಲ. ಆದರೆ ನೆಂಟರ ಮನೆಯ ಮುಂದೆ ಇಳಿಯದೆ ಹೋಗುವುದು ಅವನ ಲೆಕ್ಕದಲ್ಲಿ ಚರ್ಚಿನೊಳಗೆ ಟೋಪಿ ಹಾಕಿಕೊಂಡು ಕೂತಷ್ಟೇ ದೊಡ್ಡ ಪಾಪ. ಗುಡ್ಡದ ಬುಡದಲ್ಲೇ ಅವನ ಚಿಕ್ಕಪ್ಪನ ಮಗ ಬ್ಯೂಫರ್ಡನ ಮನೆ. ಇಳಿಯುವುದೇನೋ ಸುಲಭ, ಹೊರಡುವುದೇ ಕಷ್ಟ. ಆ ಸೀಮೆಯಲ್ಲಿ ಒಂದೇ ಸಲಕ್ಕೆ ಎದ್ದು ಹೊರಟರೆ ಜಗಳವಾಡಿಕೊಂಡು ಹೋದರು ಎಂದೇ ಸುದ್ದಿಯಾಗುತ್ತದೆ. ತೊಡೆ ತಟ್ಟಿ "ಸರಿ, ಹಾಗಾದ್ರೆ" ಅನ್ನುವುದು ಬರೀ ಪೀಠಿಕೆ. ಆಮೇಲೆ ಬಾಗಿಲಲ್ಲಿ ಕಾಯಿಲೆ ಬಿದ್ದವರ ವಿಷಯ, ಜಗಲಿಯಲ್ಲಿ ಸತ್ತವರ ವಿಷಯ, ಅಂಗಳದಲ್ಲಿ ಟೊಮೆಟೊ ಗಿಡದ ವಿಷಯ. ಕೊನೆಗೆ ಕಾರಿನ ಕಿಟಕಿಗೆ ಮೊಣಕೈ ಊರಿಕೊಂಡು, ಅಲ್ಲಿಯವರೆಗೆ ನೆನಪಾಗದೇ ಉಳಿದದ್ದೆಲ್ಲ.

ಸೋಮವಾರ ಅರ್ಲೀನಳ ಮಂಡಿಯ ಆಪರೇಷನ್. ಆಮೇಲೆ ಗುಡ್ಡ ಹತ್ತಲು ಆದೀತೋ ಇಲ್ಲವೋ, ಡಾಕ್ಟರು ಬಾಯಿ ಬಿಟ್ಟಿರಲಿಲ್ಲ. ಈ ಶನಿವಾರ ನೋಡಿದರೆ ಉಂಟು, ಇಲ್ಲದಿದ್ದರೆ ಇಲ್ಲ.

"ಇವತ್ತು ಎಲ್ಲೂ ಇಳಿಯೋ ಹಾಗಿಲ್ಲ, ಹಾಯ್ಟ್" ಎಂದು ಅವಳು ಮನೆ ಬಿಡುವಾಗಲೇ ಹೇಳಿದ್ದಳು.

"ಇಳಿಯೋದು ಯಾರು? ಒಂದ್ ನಿಮಿಷ ನಿಲ್ಲಿಸಿ, ಹೇಗಿದ್ದೀಯೋ ಅಂತ ಕೇಳಿ ಹೊರಟ್ಬಿಡೋದು ಕಣೇ."

ಬ್ಯೂಫರ್ಡನ ಹೆಂಡತಿ ನೆಲ್ಡಾ ಟೊಮೆಟೊ ಸ್ಯಾಂಡ್‌ವಿಚ್ ಕೊಟ್ಟಳು, ಸಕ್ಕರೆ ಸುರಿದ ತಣ್ಣನೆಯ ಚಹಾ ಕೊಟ್ಟಳು. ಮಂಡಿಯ ಸುದ್ದಿ ಕೇಳಿ "ಅಯ್ಯೋ ಪಾಪ, ಚಿನ್ನಾ" ಎಂದು ಕೆನ್ನೆ ಸವರಿದಳು. ಮಧ್ಯಾಹ್ನದ ಹೊತ್ತಿಗೆ ಹಾಯ್ಟ್ ತೊಡೆ ತಟ್ಟಿದ. ಎಷ್ಟೋ ಹೊತ್ತಿನ ಮೇಲೆ ಅಂಗಳ ತಲುಪಿದ. ಮಡಿಲಲ್ಲಿ ಕೇಕು, ಕಾಲ ಬಳಿ ಬೆಂಡೆಕಾಯಿ ಚೀಲ ಇಟ್ಟುಕೊಂಡು ಅರ್ಲೀನ್ ಕಾರಿನೊಳಗೆ ಬೇಯುತ್ತಿದ್ದಳು.

"ಹೋಗೋ ಮುಂಚೆ ನನ್ನ ಟ್ರಕ್ಕಿನ ಸದ್ದು ಒಂದ್ಸಲ ಕೇಳೋ" ಎಂದ ಬ್ಯೂಫರ್ಡ್.

ಇಬ್ಬರ ತಲೆಯೂ ಗುರುಗುಡುವ ಟ್ರಕ್ಕಿನ ಬಾನೆಟ್ಟಿನೊಳಗೆ ಹೋಯಿತು. ಬೆನ್ನು ಎರಡು ಹೊರಗೆ ಉಳಿದವು. ನೆಲ್ಡಾ ಉಪ್ಪಿನಕಾಯಿ ತರಲು ಒಳಗೆ ಹೋದಳು. ಕಾರಿನ ಕೀಲಿ, ಹಳ್ಳಿ ಕಡೆ ಎಲ್ಲರೂ ಬಿಡುವ ಹಾಗೆ, ಕಾರಿನಲ್ಲೇ ಇತ್ತು. ಅರ್ಲೀನ್ ಆ ಎರಡು ಬೆನ್ನುಗಳನ್ನು ನೋಡಿದಳು, ಕೀಲಿ ನೋಡಿದಳು, ಕೇಕನ್ನು ಪಕ್ಕಕ್ಕಿಟ್ಟು ಗಂಡನ ಸೀಟಿಗೆ ಜರುಗಿದಳು.

ಜಲಪಾತ ನಿಜಕ್ಕೂ ಹತ್ತಿರವೇ ಇತ್ತು. ಪತ್ರಿಕೆಯವರು ಸುಳ್ಳು ಹೇಳಿರಲಿಲ್ಲ, ಪಾಪ. ಕೈಗೆ ಸಿಕ್ಕ ಕಂಬಿ, ಕೊಂಬೆ ಎಲ್ಲ ಹಿಡಿದು, ಮಂಡಿಗೆ ಬೈಯುತ್ತ ಹತ್ತಿದಳು. ಬಂಡೆಯ ಮೇಲೆ ಕೂತಾಗ ತುಂತುರು ಬಂದು ಮುಖಕ್ಕೆ ಬಡಿಯಿತು. ಅವಳಿಗೆ ಅಳು ಬಂತು. ಸಂತೋಷಕ್ಕೂ ಬಂತು, ಕೋಪಕ್ಕೂ ಬಂತು. ಇಷ್ಟಕ್ಕೇ ಇಷ್ಟು ವರ್ಷ ಬೇಕಾಯಿತೇ? ಹಾಯ್ಟ್ ಗಾಬರಿಯಾಗಿ ಫೋನು ಮಾಡಿಯಾನು ಎಂದು ಅದನ್ನು ಕೈಯಲ್ಲೇ ಹಿಡಿದಿದ್ದಳು. ಫೋನು ಸುಮ್ಮನಿತ್ತು. ಅದು ಅವಳ ಹೊಟ್ಟೆ ಉರಿಸಿತು.

ಬಿಸಿಲು ಇಳಿಯುವಾಗ ಅವಳು ಮರಳಿದರೆ ಬೆನ್ನುಗಳೆರಡೂ ಇದ್ದಲ್ಲೇ ಇದ್ದವು.

"ಬಂದೆ ಬಂದೆ, ಇನ್ನೇನು ಹೊರಟೇಬಿಟ್ಟೆ!" ಎಂದು ಹಾಯ್ಟ್ ತಲೆಯೆತ್ತದೆಯೇ ಕೂಗಿದ. "ಹಾರ್ನ್ ಗೀರ್ನ್ ಹೊಡೀಬೇಡ ಕಣೇ, ಮರ್ಯಾದೆ ಅಲ್ಲ."

ನೆಲ್ಡಾ ಉಪ್ಪಿನಕಾಯಿ ಬಾಟಲಿಯೊಂದಿಗೆ ಕಿಟಕಿಗೆ ಬಂದಳು. ಒದ್ದೆ ಕೂದಲು ನೋಡಿ ದನಿ ತಗ್ಗಿಸಿದಳು. "ಹೇಗಿತ್ತೇ?"

"ನಾನು ಹೋಗಿದ್ದು ನೀನು ನೋಡಿದ್ಯಾ?" ಎಂದಳು ಅರ್ಲೀನ್.

"ನಿನ್ನ ಗಂಡ ಒಂದ್ಸಲ ಕಾರು ನಿಂತಿದ್ದ ಕಡೆ ತಿರುಗೋಕೆ ಹೋದ. ಓರಲ್ ಮಾವನ ಶವಸಂಸ್ಕಾರದಲ್ಲಿ ಯಾರು ಯಾರನ್ನ ಮಾತಾಡಿಸಲಿಲ್ಲ ಅಂತ ನಾನೇ ಮಾತು ತೆಗೆದೆ. ಅಲ್ಲಿಗೆ ಮುಗೀತಲ್ಲ." ನೆಲ್ಡಾ ನಕ್ಕಳು. ಆಮೇಲೆ ಗುಡ್ಡದ ಕಡೆ ನೋಡಿದಳು. "ಮದುವೆಯಾಗಿ ಬಂದಾಗಿಂದ ಇದರ ಬುಡದಲ್ಲೇ ಇದ್ದೀನಿ ಕಣೇ. ನಾನಿನ್ನೂ ನೋಡಿಲ್ಲ. ಯಾವಾಗ್ಲೂ ಯಾರಾದ್ರೂ ಬಂದಿರ್ತಾರೆ."

ಹಾಗೆ ಬಂದು ಕೂರುವವರಲ್ಲಿ ತಾನೂ ಒಬ್ಬಳು ಎಂದು ಅರ್ಲೀನಳಿಗೆ ಆಗ ಹೊಳೆಯಿತು. ನೆಲ್ಡಾಳ ಕೈ ಹಿಡಿದುಕೊಂಡಳು.

ಮನೆಯ ದಾರಿಯಲ್ಲಿ ಹಾಯ್ಟ್ ಸಮಾಧಾನ ಹೇಳಿದ. "ನೀವು ಹೆಂಗಸರು ಮಾತಿಗೆ ನಿಂತ್ರೆ ಇಷ್ಟೇ, ಹೊತ್ತಾಗಿಬಿಡುತ್ತೆ. ಹೋಗ್ಲಿ ಬಿಡು, ಜಲಪಾತ ಎಲ್ಲಿಗೂ ಓಡಿ ಹೋಗಲ್ಲ."

ಅರ್ಲೀನ್ ಒದ್ದೆ ಷೂ ಕಳಚಿ ಬೆಂಡೆಕಾಯಿ ಚೀಲದ ಹಿಂದೆ ತಳ್ಳಿದಳು. "ಮಂಡಿ ವಾಸಿಯಾದ ತಕ್ಷಣ ಬ್ಯೂಫರ್ಡನ ಮನೆಗೆ ಮತ್ತೆ ಬರೋಣ. ನಿನಗೇನೂ ಅವಸರ ಬೇಡ. ಸಾವಕಾಶವಾಗಿ ಮಾತಾಡು. ನಾನು, ನೆಲ್ಡಾ ನಮ್ಮ ಪಾಡಿಗೆ ಇರ್ತೀವಿ."

ಹಾಯ್ಟನ ಕಣ್ಣು ತುಂಬಿ ಬಂತು. ಕೊನೆಗೂ ಇವಳಿಗೆ ತನ್ನ ಕಡೆಯವರ ಮೇಲೆ ಪ್ರೀತಿ ಹುಟ್ಟಿತಲ್ಲ ಎಂದುಕೊಂಡ.