ಒಂದೇ ಬೋಟು ಹತ್ತಿದ ದುಡ್ಡು

ತದಡಿ ಬಂದರಿನ ಗಂಗೆಗೆ ಈಗ ಯಾರ ಮೇಲೂ ನಂಬಿಕೆ ಇಲ್ಲ. ಪೋಸ್ಟ್‌ಮ್ಯಾನ್ ಬಂದರೆ ಬಾಗಿಲನ್ನು ಅರ್ಧವೇ ತೆರೆಯುತ್ತಾಳೆ. ಬ್ಯಾಂಕಿನವರು ಕರೆದರೆ ಕೇಳಿಸದವಳ ಹಾಗೆ ಮೀನು ಒಣಗಿಸುತ್ತಾ ಕೂರುತ್ತಾಳೆ. ಅವಳನ್ನು ಬೈಯಬೇಡಿ. ಅವಳ ಹೊಟ್ಟೆ ಉರಿದದ್ದು ಸುಳ್ಳಲ್ಲ.

ಗಂಡ ಬೊಮ್ಮನಿಗೆ ಅರವತ್ತೆರಡು. ಹರೆಯದಿಂದಲೂ ಬೋಟಿನಲ್ಲಿ ಬಲೆ ಎಳೆದವನು. ಮುಪ್ಪಿಗೆಂದು ಕೂಡಿಟ್ಟದ್ದನ್ನೆಲ್ಲ ಏಜೆಂಟನೊಬ್ಬನ ಮಾತು ಕೇಳಿ ಒಂದೇ ಕಂಪನಿಯ ಶೇರಿಗೆ ಹಾಕಿದ. ದೊಡ್ಡ ಕಂಪನಿ, ಟಿವಿಯಲ್ಲಿ ಜಾಹೀರಾತು ಬೇರೆ. ಹೋದ ವರ್ಷ ಗೊತ್ತಾಯಿತು, ಅದರ ಲೆಕ್ಕವೇ ಸುಳ್ಳು. ಆಗದ ವ್ಯಾಪಾರವನ್ನು ಆಗಿದೆ ಎಂದು, ಇಲ್ಲದ ಲಾಭವನ್ನು ಇದೆ ಎಂದು ತೋರಿಸಿದ್ದರು. ಶೇರಿನ ಬೆಲೆ ನೆಲ ಕಚ್ಚಿತು. ಏಜೆಂಟನ ಫೋನು ಅಂದಿನಿಂದ ಸ್ವಿಚ್ ಆಫ್.

ಬೊಮ್ಮನ ಬಲಭುಜ ಈಗ ಮೇಲೇಳುವುದಿಲ್ಲ. ಆದರೂ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದ ಕೂಡಲೇ ಅವನು ಮತ್ತೆ ಕಡಲಿಗೆ ಇಳಿಯಲೇಬೇಕು ಎಂಬ ಸ್ಥಿತಿ ಬಂತು. ಉಳಿದದ್ದು ಹಳೆಯ ಪಾತಿ ದೋಣಿ ಮಾರಿದ ದುಡ್ಡು ಮಾತ್ರ. ಗಂಗೆ ಅದನ್ನು ಗಂಟು ಕಟ್ಟಿ ಖಾಲಿ ಭರಣಿಯೊಳಗೆ ಇಟ್ಟಳು.

“ಇಲಿ ಕಡಿದ್ರೂ ಅಡ್ಡಿಲ್ಲ, ಕಂಪನಿ ಕಡಿಬಾರ್ದು,” ಎಂದಳು.

ಒಂದು ಮಧ್ಯಾಹ್ನ ಭರಣಿಯ ಮುಚ್ಚಳ ತಾನು ಇಟ್ಟ ಹಾಗಿಲ್ಲ ಎಂದು ಅವಳಿಗೆ ಅನುಮಾನ ಬಂತು. ಕೈ ಹಾಕಿದರೆ ಗಂಟು ಇಲ್ಲ! ಹಿತ್ತಲಿಗೆ ಓಡಿದಳು. ಅಲ್ಲಿ ಬೊಮ್ಮ ಗಂಟನ್ನು ಕಂಕುಳಲ್ಲಿ ಒತ್ತಿಕೊಂಡು ಫೋನಿನಲ್ಲಿ ಪಿಸುಗುಡುತ್ತಿದ್ದ.

“ಯಾರ ಹತ್ರ ಮಾತು? ಗಂಟು ಎಲ್ಲಿಗೆ ಹೊಂಟದ್ದು?”

ಬೊಮ್ಮ ಬೆಚ್ಚಿ ಫೋನು ಇಟ್ಟ. “ಬ್ಯಾಂಕಿಗೆ. ಖಾತೆಗೆ ತುಂಬಿ ಅಲ್ಲಿಂದ ಇವ್ರಿಗೆ ಕಳ್ಸೂಕೆ. ಆ ಕಂಪನೀಲಿ ಕಳ್ಕಂಡೋರಿಗೆ ದುಡ್ಡು ವಾಪಸ್ ಮಾಡ್ಸೋ ಜನ. ಮೂರೇ ತಿಂಗ್ಳಲ್ಲಿ ಹೋದ್ದೆಲ್ಲ ಬತ್ತದಂತೆ.”

“ಅಯ್ಯೋ ನಿನ್ನ! ಒಂದ್ಸಲ ಮುಳುಗಿದ್ದು ಸಾಕಾಗ್ಲಿಲ್ವಾ?”

“ಮತ್ತೆಂತ ಮಾಡೂದು? ಈ ಭುಜ ಇಟ್ಕಂಡು ಕಡಲಿಗೆ ಹೋಗಿ ಸಾಯ್ಲಾ?” ಬೊಮ್ಮನ ಕಣ್ಣು ತುಂಬಿತು.

ಗಲಾಟೆ ಕೇಳಿ ಪಕ್ಕದ ಮನೆಯ ದೀಪಿಕಾ ಬೇಲಿ ದಾಟಿ ಬಂದಳು. ಸ್ವಸಹಾಯ ಸಂಘದ ಅಧ್ಯಕ್ಷೆ ಅವಳು. ಗಂಗೆ ಅವಳ ಮೇಲೂ ಹರಿಹಾಯ್ದಳು. “ನೀ ಬುದ್ಧಿ ಹೇಳೂಕೆ ಬರಬೇಡ. ನಿನ್ನ ದುಡ್ಡೂ ಅದೇ ಕಂಪನೀಲಿ ಹೋತಲ್ಲ!”

“ಹೋತು ಗಂಗಕ್ಕ. ಹೋದ್ಮೇಲೆ ಊರೆಲ್ಲ ತಿರುಗಿ, ಕೇಳಿ ಕಲ್ತೆ. ನನ್ನ ನಂಬ್ಬೇಡಿ. ಅವನನ್ನೇ ಕೇಳ್ವ. ಫೋನ್ ಸ್ಪೀಕರಿಗೆ ಹಾಕಿ.”

ಬೊಮ್ಮ ಮತ್ತೆ ಫೋನು ಮಾಡಿದ. ಆ ಕಡೆಯಿಂದ ಬೆಲ್ಲದಂಥ ದನಿ. “ಸರ್, ಇವತ್ತು ಸಂಜೆಯೇ ಕೊನೆ. ಬೇಗ ಕಳಿಸಿ.”

ಏನು ಕೇಳಬೇಕೆಂದು ದೀಪಿಕಾ ಗಂಗೆಯ ಕಿವಿಯಲ್ಲಿ ಹೇಳಿಕೊಟ್ಟಳು, ಗಂಗೆ ಫೋನು ಕಸಿದುಕೊಂಡಳು.

“ನಿನ್ನ ಸೆಬಿ ನೋಂದಣಿ ನಂಬರ್ ಹೇಳು ಮಾರಾಯಾ. ಶೇರು ಪೇಟೆ ಕಾಯೂದು ಅವ್ರಂತಲ್ಲ, ಅವ್ರ ವೆಬ್‌ಸೈಟಲ್ಲಿ ನಿನ್ನ ಹೆಸರು ನೋಡ್ಬೇಕು.”

“ಅದೆಲ್ಲ ಆಮೇಲೆ ಮೇಡಂ.”

“ದುಡ್ಡು ಯಾರ ಖಾತೆಗೆ? ಸಂಸ್ಥೆ ಹೆಸರಿಗೋ, ನಿನ್ನ ಹೆಂಡ್ತಿ ಹೆಸರಿಗೋ?”

“ನಂಬಿಕೆ ಇಲ್ಲದವರಿಗೆ ನಾವು ಸಹಾಯ ಮಾಡಲ್ಲ!”

“ಇಲ್ಲ, ಒಂಚೂರೂ ಇಲ್ಲ. ಅದಕ್ಕೇ ಕೇಳ್ತಾ ಇದ್ದೆ.”

ಫೋನು ಕಟ್ ಆಯಿತು. ಮತ್ತೆ ಮಾಡಿದರೆ ಎತ್ತಲೇ ಇಲ್ಲ. ಬೊಮ್ಮ ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕುಳಿತ. “ಹಾಂಗಾರೆ ಹೋದ್ದು ಹೋತಾ?”

ದೀಪಿಕಾ ಸುಳ್ಳು ಸಮಾಧಾನ ಹೇಳಲಿಲ್ಲ. “ಸೆಬಿಗೆ ನಾನು ದೂರು ಕೊಟ್ಟಿದ್ದೆ, ನಿಮ್ದೂ ಕೊಡ್ವ. ಆದ್ರೆ ಅದು ಬತ್ತದೆ ಅಂತ ಕಾದು ಕೂರೂಕಾಗ. ಇದ್ದದ್ದನ್ನ ಉಳ್ಸಿ ಮತ್ತೆ ಕಟ್ಬೇಕು. ನಿಧಾನ ಆಗ್ತದೆ.”

“ನಾ ಅದನ್ನೇ ಹೇಳಿದ್ದು. ಭರಣಿಯಲ್ಲೇ ಇರ್ಲಿ,” ಎಂದಳು ಗಂಗೆ.

“ಭರಣಿ ಬಡ್ಡಿ ಕೊಡ್ತದಾ? ಅಕ್ಕಿ ರೇಟು ವರ್ಷ ವರ್ಷ ಏರ್ತದೆ. ಅದೂ ಅಲ್ದೆ ಭರಣಿ ಗಂಟು ಕಂಕುಳಿಗೆ ಬಂದದ್ದು ಈಗಷ್ಟೇ ನೋಡಿದ್ವಲ್ಲ.” ಬೊಮ್ಮ ತಲೆ ತಗ್ಗಿಸಿದ. ದೀಪಿಕಾ ಮುಂದುವರಿದಳು. “ಗಂಗಕ್ಕ, ನಿಮ್ಮ ಮಕ್ಕಳು ದೇವು, ಹರೀಶ ಇಬ್ರೂ ಒಂದೇ ಬೋಟಿಗೆ ಹೋಗ್ತಾರಾ?”

“ಛೆ, ಬಾಯಿ ಮುಚ್ಚು! ಒಂದೇ ಮನೆ ಮಕ್ಕಳನ್ನ ಒಂದೇ ಬೋಟಿಗೆ ಹತ್ತಿಸೂದುಂಟಾ? ಕಡಲು ಹೇಳಿ ಕೇಳಿ ಬತ್ತದಾ? ಒಬ್ಬನಾದ್ರೂ ಮನೆಗೆ ಬರ್ಬೇಕಲ್ಲ. ನಮ್ಮತ್ತೆ ಕಾಲದಿಂದ್ಲೂ...”

ಗಂಗೆ ಅರ್ಧದಲ್ಲೇ ನಿಂತಳು. ಗಂಡನ ಮುಖ ನೋಡಿದಳು.

“ಮಕ್ಕಳಿಗೆ ಹಾಕಿದ ಕಟ್ಟಳೆ ದುಡ್ಡಿಗೆ ಹಾಕ್ಲಿಲ್ಲ ನಾವು,” ಎಂದಳು. ದನಿ ಸಣ್ಣದಾಗಿತ್ತು.

ಮರುದಿನ ಮೂವರೂ ಅಂಚೆ ಕಚೇರಿಗೆ ಹೋದರು. ಗಂಗೆಯ ಪ್ರಶ್ನೆಗಳು ಮುಗಿಯದೆ ಸಾಲಿನಲ್ಲಿ ಹಿಂದೆ ನಿಂತವರು ಗೊಣಗಿದರು. ‘ನಡುವೆ ದುಡ್ಡು ಬೇಕಾದರೆ ಸಿಗುತ್ತದಾ? ನೀವು ವರ್ಗವಾಗಿ ಹೋದರೆ ಯಾರನ್ನು ಹಿಡಿಯುವುದು?’ ಎಂದು ಅವಳು ಕೇಳುತ್ತಲೇ ಇದ್ದಳು. ಗುಮಾಸ್ತರು ಸಿಟ್ಟಾಗದೆ ಎಲ್ಲಕ್ಕೂ ಉತ್ತರಿಸಿದರು. ದೊಡ್ಡ ಪಾಲು ಅಂಚೆಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹೋಯಿತು. ಅದರ ಬಡ್ಡಿ ಮೂರು ತಿಂಗಳಿಗೊಮ್ಮೆ ಖಾತೆಗೆ ಬರುತ್ತದೆ. ಇನ್ನೊಂದು ಪಾಲು ಬ್ಯಾಂಕ್ ಠೇವಣಿಗೆ. ಬ್ಯಾಂಕೇ ಮುಳುಗಿದರೂ ಐದು ಲಕ್ಷದವರೆಗೆ ವಿಮೆ ಇದೆ. ಬೊಮ್ಮನ ಭುಜದ ಔಷಧಕ್ಕೆಂದು ಸ್ವಲ್ಪ ಉಳಿತಾಯ ಖಾತೆಯಲ್ಲಿ. ಎಲ್ಲದಕ್ಕೂ ನಾಮಿನಿ ಹೆಸರು ಬರೆಸಿದರು. ನಲವತ್ತು ದಾಟದ ಮಕ್ಕಳಿಬ್ಬರೂ ಅಟಲ್ ಪಿಂಚಣಿ ಯೋಜನೆಗೆ ಸೇರಿದರು.

“ಶೇರಿಗೆ ಇನ್ನು ಹಾಕ್ಲೇಬಾರ್ದಾ?” ಎಂದು ದೇವು ಕೇಳಿದ್ದಕ್ಕೆ ಗಂಗೆಯೇ ಉತ್ತರ ಕೊಟ್ಟಳು. “ಹಾಕು. ಹೋದ್ರೂ ಗಂಜಿಗೆ ತೊಂದ್ರೆ ಬರದಷ್ಟು ಮಾತ್ರ ಹಾಕು. ಅದೂ ಒಂದೇ ಕಂಪನಿಗಲ್ಲ.”

ಹೋದ ದುಡ್ಡು ಇನ್ನೂ ಬಂದಿಲ್ಲ. ಬಡ್ಡಿಯೊಂದರಲ್ಲೇ ಮನೆ ನಡೆಯುವುದೂ ಇಲ್ಲ. ಬೊಮ್ಮ ದಡದಲ್ಲಿ ಕುಳಿತು ಬಲೆ ಹೆಣೆಯುತ್ತಾನೆ, ಮಕ್ಕಳು ತಿಂಗಳಿಗೆ ಇಷ್ಟು ಎಂದು ಕೊಡುತ್ತಾರೆ. ಆಗಸ್ಟ್ ಮೊದಲ ದಿನ ಬೋಟುಗಳು ಹೊರಟವು. ದೇವು ಒಂದರಲ್ಲಿ, ಹರೀಶ ಇನ್ನೊಂದರಲ್ಲಿ. ಬೊಮ್ಮ ಮಾತ್ರ ಗಂಗೆಯ ಪಕ್ಕದಲ್ಲಿ, ದಡದ ಮೇಲೆ ನಿಂತಿದ್ದ. ಅವಳು ಅವನ ಅಂಗಿಯ ತೋಳನ್ನು ಹಿಡಿದುಕೊಂಡೇ ಇದ್ದಳು.

ಓದುವ ಅಕ್ಕಂದಿರೇ, ಅಣ್ಣಂದಿರೇ, ಅನುಮಾನ ಪಡುವುದು ತಪ್ಪಲ್ಲ. ಪಟ್ಟ ಅನುಮಾನವನ್ನು ಬಾಯಿಬಿಟ್ಟು ಕೇಳಿ. ಇವತ್ತೇ ಕೊನೆಯ ದಿನ ಎನ್ನುವವನಿಗೆ ಒಂದು ಪೈಸೆಯನ್ನೂ ಕಳಿಸಬೇಡಿ. ಕಳಿಸಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಿ. ಇವತ್ತು ರಾತ್ರಿ ಊಟಕ್ಕೆ ಕುಳಿತಾಗ ಮನೆಯವರನ್ನು ಒಂದು ಮಾತು ಕೇಳಿ: ನಮ್ಮ ಮುಪ್ಪಿನ ದುಡ್ಡು ಎಷ್ಟು ಬೋಟಿನಲ್ಲಿದೆ? ಒಂದೇ ಎಂದರೆ, ಅದು ದಡದಲ್ಲಿರುವಾಗಲೇ ಸ್ವಲ್ಪ ಇಳಿಸಿಕೊಳ್ಳಿ.